ತಪ್ಪಿಲ್ಲದ ಮೆಸೇಜು

ನಮ್ಮ ಯಜಮಾನರಿಗೂ ಕುರ್ಚಿಗೂ ಆಗಿಬರುವುದಿಲ್ಲ. ಮನೆಯಲ್ಲಿ ಸೋಫಾ ಇದೆ, ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಇದೆ, ಮಗಳು ರಮ್ಯ ಅಪ್ಪನ ಸೊಂಟನೋವಿಗೆಂದು ತರಿಸಿದ, ಹಿಂದಕ್ಕೆ ಬಾಗುವ ದೊಡ್ಡ ಕುರ್ಚಿಯೂ ಇದೆ. ಇವರು ಯಾವುದರಲ್ಲೂ ಒಂದು ಲೋಟ ಕಾಫಿ ಖಾಲಿಯಾಗುವಷ್ಟು ಹೊತ್ತು ಕೂತವರಲ್ಲ. ಎಡಗೈಯಲ್ಲಿ ಫೋನು, ಮೂಗಿನ ತುದಿಯಲ್ಲಿ ಕನ್ನಡಕ. ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮಹಡಿಗೆ, ಮಹಡಿಯಿಂದ ಮತ್ತೆ ಬಾಲ್ಕನಿಗೆ. ಕಾಲು ಸುಟ್ಟ ಬೆಕ್ಕು ಎನ್ನುತ್ತಾರಲ್ಲ, ಹಾಗೆ. ನಡುವೆ ಗಕ್ಕನೆ ನಿಂತು ಹೆಬ್ಬೆರಳಿನಲ್ಲಿ ಏನೋ ಕುಟ್ಟುತ್ತಾರೆ. ಆಗ ಊರಿನಲ್ಲಿ ಯಾರೋ ಒಬ್ಬರು ಕನ್ನಡ ತಪ್ಪು ಬರೆದಿದ್ದಾರೆ, ಇವರ ಕೈಗೆ ಸಿಕ್ಕಿದ್ದಾರೆ ಎಂದು ನನಗೆ ಗೊತ್ತಾಗುತ್ತದೆ.

ಹೆಸರು ಭೀಮೇಶ್. ನಾನು ಹೆಸರು ಹಿಡಿದು ಕರೆಯುವವಳಲ್ಲ, ಬರೆಯುವಾಗ ಪರವಾಗಿಲ್ಲ. ಸಾರಕ್ಕಿ ಊರಿನವರು. ಈಗ ಎಲ್ಲರೂ ಜೆ.ಪಿ. ನಗರ ಎನ್ನುವ ಜಾಗದಲ್ಲಿ ನಮ್ಮ ಮಾವನವರು ರಾಗಿ ಬೆಳೆಯುತ್ತಿದ್ದರು. ರಾಗಿ ಹೋಯಿತು, ಬಾಡಿಗೆ ಮನೆಗಳು ಬಂದವು. ಉಳಿದ ಗಂಡಸರು ಬಾಡಿಗೆ ಎಣಿಸಿಕೊಂಡು ಅರಳಿಕಟ್ಟೆಯ ಮೇಲೆ ಕೂತಾಗ ಇವರು ಬನಶಂಕರಿ ದೇವಸ್ಥಾನದ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ ಇಟ್ಟರು. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಮದುವೆ ಕಾಲದಲ್ಲಿ ಇವರ ಬೆರಳುಗಳಿಂದ ಅರಿಶಿನ ಬಣ್ಣ ಹೋಗುತ್ತಲೇ ಇರಲಿಲ್ಲ.

ತಪ್ಪು ಇರುವ ಪತ್ರಿಕೆ ಅಚ್ಚು ಮಾಡುವುದಿಲ್ಲ ಎಂಬುದು ಇವರ ಹಟ. ಗಿರಾಕಿ 'ಶುಭಾಷಯ' ಎಂದು ಬರೆದು ತಂದರೆ ಅವನ ಎದುರಿಗೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ 'ಶುಭಾಶಯ' ಎಂದು ಬರೆಯುತ್ತಿದ್ದರು. ಒಬ್ಬ ಜಗಳಕ್ಕೇ ನಿಂತಿದ್ದನಂತೆ, ನಮ್ಮ ತಾತನ ಕಾಲದಿಂದ ಹೀಗೇ ಬರೆಯೋದು ಎಂದು. "ಹಂಗಾದ್ರೆ ನಿಮ್ಮ ತಾತನ ಹತ್ರಾನೇ ಅಚ್ಚು ಹಾಕಿಸ್ಕೊಳ್ಳಿ" ಎಂದು ಇವರು ಅವನ ಮುಂಗಡ ವಾಪಸು ಕೊಟ್ಟು ಕಳಿಸಿದರು. ನಾನು ಬೈದೆ. ಬೈದರೆ ಕೇಳುವ ಜಾತಿಯಲ್ಲ.

ಆಮೇಲೆ ಜನ ಪತ್ರಿಕೆ ಹಂಚುವುದನ್ನೇ ಕಡಿಮೆ ಮಾಡಿದರು. ಹಾಡು, ಹೂವು, ಹುಡುಗ ಹುಡುಗಿ ತಿರುಗುವ ವಿಡಿಯೋ ಮಾಡಿಸಿ ಫೋನಿನಲ್ಲಿ ಕಳಿಸತೊಡಗಿದರು. ಅಂಗಡಿ ಮುಚ್ಚಿ ಬಾಡಿಗೆಗೆ ಕೊಟ್ಟೆವು. ಈಗ ಅಲ್ಲಿ ಮೊಮೊ ಬೇಯಿಸುತ್ತಾರೆ. ಅಂಗಡಿ ಹೋದರೂ ತಿದ್ದುವ ಕೈ ಹೋಗಲಿಲ್ಲ, ಅದು ಫೋನಿಗೆ ಬಂತು. ಹುಟ್ಟುಗುಣ ಸುಟ್ಟರೂ ಹೋಗಲ್ಲ.

ಇವರು ಇಲ್ಲದ ಗ್ರೂಪಿಲ್ಲ. ಬೀದಿಯವರದ್ದು, ಕೆರೆ ಉಳಿಸುವವರದ್ದು, ಬೆಳಗ್ಗೆ ವಾಕಿಂಗ್ ಹೋಗುವವರದ್ದು, ಫೇಸ್‌ಬುಕ್ಕಿನಲ್ಲಿ ದಕ್ಷಿಣ ಬೆಂಗಳೂರಿನವರೆಲ್ಲ ಸೇರಿ ಕಚ್ಚಾಡುವ ಇನ್ನೊಂದು. ಯಾರ ವಿಷಯಕ್ಕೂ ಇವರ ಅಭಿಪ್ರಾಯ ಇರುವುದಿಲ್ಲ. ತಪ್ಪಾದ ಪದವನ್ನು ಸರಿಯಾಗಿ ಬರೆದು, ಮುಂದೆ ಒಂದು ನಕ್ಷತ್ರದ ಗುರುತು ಹಾಕಿ, ಮುಂದಿನವರ ಕಡೆ ಹೋಗುತ್ತಾರೆ. ಕಸದ ಗಾಡಿ ವಾರದಿಂದ ಬಂದಿಲ್ಲ ಎಂದು ಒಬ್ಬಳು ರಕ್ತ ಕುದಿಸಿಕೊಂಡು ಬರೆದಿದ್ದರೆ, ಅದರ ಕೆಳಗೆ ಇವರ ನಕ್ಷತ್ರ. "ಅಂಕಲ್, ಮೊದ್ಲು ಕಸ ಎತ್ತಿಸಿ, ಕಾಗುಣಿತ ಆಮೇಲೆ ನೋಡ್ಕೊಳ್ಳೋಣ" ಎಂದು ಅವಳು ಬರೆದಳು. ಆ ಸಾಲಿನಲ್ಲಿ ತಪ್ಪಿರಲಿಲ್ಲವಾದ್ದರಿಂದ ಇವರು ಉತ್ತರ ಕೊಡಲಿಲ್ಲ. ಬೀದಿಯ ಹುಡುಗರು ಇವರನ್ನು ಸ್ಟಾರ್ ಅಂಕಲ್ ಎನ್ನುತ್ತಾರೆ. ಇವರಿಗೆ ಅದು ಗೊತ್ತು, ಒಳಗೊಳಗೇ ಹೆಮ್ಮೆಯೂ ಇದೆ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕಿದರಂತೆ. ಇವರ ಎಲೆಯ ಹೆಗ್ಗಣ ಬೇಗೂರಿನದು. ಅದನ್ನು ಹೇಳದೆ ಇವರ ಕಥೆ ಮುಂದಕ್ಕೆ ಹೋಗುವುದಿಲ್ಲ.

ಇವರಿಗೆ ಒಬ್ಬಳೇ ಅಕ್ಕ, ಗೋವಿಂದಮ್ಮ, ನನಗೆ ಅತ್ತಿಗೆ. ಬೇಗೂರಿಗೆ ಕೊಟ್ಟಿದ್ದು, ನಾಗೇಶ್ವರನ ದೇವಸ್ಥಾನದ ಹಿಂದಿನ ಬೀದಿ. ನಮ್ಮತ್ತೆ ಹೊಲಕ್ಕೆ ಹೋಗುತ್ತಿದ್ದರಿಂದ ಕೈಗೂಸಾಗಿದ್ದ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಆ ಅಕ್ಕನೇ. ಅದಕ್ಕಾಗಿ ಅವರ ಶಾಲೆ ಮೂರನೇ ಕ್ಲಾಸಿಗೇ ನಿಂತಿತು. ತಮ್ಮ ದೊಡ್ಡವನಾಗಿ ಅಂಗಡಿ ಇಟ್ಟ ದಿನ ಅವರು ಬೇಗೂರಿನಿಂದ ಬಂದು, ಅಚ್ಚಾದ ಮೊದಲ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, ಏನು ಬರೆದಿದೆ ಓದಿ ಹೇಳೋ ಎಂದಿದ್ದರು.

ಕೊರೋನಾದ ಎರಡನೇ ಅಲೆ ಇಳಿದ ಮೇಲೆ ನಾವು ಹಳೇ ಮನೆ ಕೆಡವಿದ ಜಾಗದಲ್ಲಿ ಈ ಮನೆ ಕಟ್ಟಿ ಗೃಹಪ್ರವೇಶ ಮಾಡಿದೆವು. ನಮ್ಮ ಕಡೆ ಮನೆಯ ಹೆಣ್ಣುಮಗಳನ್ನು ಶುಭಕಾರ್ಯಕ್ಕೆ ಕರೆಯಬೇಕಾದರೆ ಅವಳ ಬಾಗಿಲಿಗೇ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ ಕರೆಯಬೇಕು. ಬೇರೆ ಯಾರನ್ನು ಮರೆತರೂ ನಡೆದೀತು, ಅವಳನ್ನು ಮರೆಯುವಂತಿಲ್ಲ. ಇವರು ವಸಂತಪುರಕ್ಕೆ, ನನ್ನ ತವರಿಗೆ, ತಟ್ಟೆ ಹಿಡಿದುಕೊಂಡು ಬಂದರು. ಬೇಗೂರಿಗೆ ಹೋಗಲಿಲ್ಲ. ಆ ಕಡೆ ಇನ್ನೂ ರೋಗ ಇದೆ ಎಂದರು, ಪೊಲೀಸರು ತಡೆಯುತ್ತಾರೆ ಎಂದರು. ಪದ ಪದ ಆರಿಸಿ, ಒಂದು ಕೊಂಬು ಒಂದು ದೀರ್ಘ ತಪ್ಪದ ಹಾಗೆ ಕರೆಯೋಲೆ ಬರೆದು ಮನೆಯವರ ಗ್ರೂಪಿಗೆ ಹಾಕಿಬಿಟ್ಟರು. ಅಕ್ಕನ ಮಗ ಆ ಗ್ರೂಪಿನಲ್ಲಿದ್ದಾನೆ, ಅದರಲ್ಲೇ ಅಕ್ಕನಿಗೂ ಆಯಿತು ಎಂದುಕೊಂಡರು. ಬೇಡ ರೀ, ಒಂದು ಗಳಿಗೆ ಹೋಗಿ ಬನ್ನಿ ಎಂದು ನಾನು ಹೇಳಿದ್ದು ಗಾಳಿಗೆ ಹೋಯಿತು.

ಅತ್ತಿಗೆ ಬರಲಿಲ್ಲ. ಹೋಮದ ಹೊಗೆಯಲ್ಲಿ ಇವರು ಮತ್ತೆ ಮತ್ತೆ ಗೇಟಿನ ಕಡೆ ನೋಡುತ್ತಿದ್ದರು. ಸಂಜೆ ಸಿಟ್ಟಿನಲ್ಲಿ ಇವರೇ ಫೋನು ಮಾಡಿದರು. ಪಕ್ಕದಲ್ಲೇ ಇದ್ದ ನನಗೆ ಎರಡೂ ಕಡೆಯ ಮಾತು ಕೇಳಿಸಿತು.

"ಊರೋರಿಗೆ ಕಳಿಸ್ದಂಗೆ ನನಗೂ ಫೋನಲ್ಲಿ ಕಳಿಸ್ಬಿಟ್ಟೆ. ನಾನೇನು ನಿನ್ನ ಗಿರಾಕೀನಾ?" ಎಂದರು ಅತ್ತಿಗೆ.

"ಅಷ್ಟು ಚೆನ್ನಾಗಿ ಬರೆದು ಹಾಕಿದೀನಿ. ನಿನಗೆ ಓದಕ್ಕೆ ಬರಲ್ಲ ಅಂದ್ರೆ ಅದು ನನ್ನ ತಪ್ಪಾ?"

ಆ ಕಡೆ ಫೋನು ಇಟ್ಟ ಸದ್ದಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾರ ಓದನ್ನು ಕಿತ್ತುಕೊಂಡು ತಾನು ಬೆಳೆದನೋ ಅವಳಿಗೇ ಓದಲು ಬರುವುದಿಲ್ಲ ಎಂದ ಮನುಷ್ಯನ ಮೇಲೆ ನನಗೆ ಬಂದ ಕೋಪ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಂದಿನಿಂದ ಅಕ್ಕ ತಮ್ಮ ಮಾತು ಬಿಟ್ಟರು. ನೆಂಟರ ಮದುವೆಗಳಲ್ಲಿ ಇವರು ಊಟದ ಮೊದಲ ಪಂಕ್ತಿಗೆ ಕೂತರೆ ಅವರು ಎರಡನೆಯದಕ್ಕೆ. ನಾನು ಅತ್ತಿಗೆಯ ಹತ್ತಿರ ಹೋಗಿ ಕೂತು ಮಾತಾಡುತ್ತಿದ್ದೆ, ಇವರ ಹೆಸರು ಮಾತ್ರ ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಮನೆಯವರ ಗ್ರೂಪಿನಲ್ಲಿ ಒಂದು ಬೆಳಗ್ಗೆ ಗೋವಿಂದಮ್ಮ ಎಂಬ ಹೆಸರಿನಿಂದ ಮೆಸೇಜು ಬಂತು. 'ಸುಬೊದಯ ಎಲ್ಲರಿಗು ಒಳ್ಳೆದು ಹಾಗಲಿ.' ಅವರ ಮಗ ರವಿಕಿರಣ್ ತನ್ನ ಹಳೇ ಫೋನು ಕೊಟ್ಟು ಕನ್ನಡದಲ್ಲಿ ಕುಟ್ಟುವುದನ್ನು ಕಲಿಸಿದ್ದನಂತೆ. ಗ್ರೂಪಿನಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿದರು. ಇವರು ಬಾಲ್ಕನಿಯಿಂದ ಅಡುಗೆಮನೆಗೆ ಬರುವ ದಾರಿಯಲ್ಲಿ ಗಕ್ಕನೆ ನಿಂತರು. ಹೆಬ್ಬೆರಳು ಆಡಿತು. ನೋಡಿದರೆ, ಒಂದರ ಕೆಳಗೆ ಒಂದು ನಕ್ಷತ್ರಗಳು.

"ಮಾತು ಬಿಟ್ಟಿದ್ರಲ್ಲ?" ಎಂದೆ.

"ತಿದ್ದೋದು ಮಾತಾಡಿದಂಗಲ್ಲ" ಎಂದರು.

ಅಲ್ಲಿಂದ ಇದೇ ನಡೆಯಿತು. ದಿನಾ ಬೆಳಗ್ಗೆ ಬೇಗೂರಿನಿಂದ ಒಂದು ಸಾಲು, ಅದರಲ್ಲಿ ಒಂದೆರಡು ತಪ್ಪು, ಸಾರಕ್ಕಿಯಿಂದ ನಕ್ಷತ್ರ. ಅತ್ತಿಗೆ ನಕ್ಷತ್ರಕ್ಕೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ಮಾರನೇ ದಿನ ಮತ್ತೆ ಬರೆಯುತ್ತಿದ್ದರು. ಮೊದಮೊದಲು ನನಗೆ ಸಂಕಟವಾಗುತ್ತಿತ್ತು, ಪಾಪ ವಯಸ್ಸಾದವರನ್ನು ಎಲ್ಲರೆದುರು ಹೀಗೆ ಮಾಡುತ್ತಾರಲ್ಲ ಎಂದು. ಬರಬರುತ್ತಾ ಬೇರೆಯದು ಕಣ್ಣಿಗೆ ಬಿತ್ತು. ಇವರು ಎದ್ದ ತಕ್ಷಣ ಮೊದಲು ನೋಡುವುದು ಆ ಮೆಸೇಜು. ಅದು ಬರುವತನಕ ಬೇರೆ ಯಾರ ತಪ್ಪನ್ನೂ ಮುಟ್ಟುವುದಿಲ್ಲ. ಅಕ್ಕನಿಗೆ ನಕ್ಷತ್ರ ಹಾಕಿದ ಮೇಲೆಯೇ ಕಾಫಿ.

ಈ ವರ್ಷ ರಮ್ಯನಿಗೆ ಮದುವೆ ಗೊತ್ತಾಯಿತು. ಹುಡುಗ ಬನಶಂಕರಿಯವನು, ಒಳ್ಳೆಯ ಮನೆ, ಸಂಕ್ರಾಂತಿ ಕಳೆದ ಮೇಲೆ ಮುಹೂರ್ತ. ನಮ್ಮ ಮನೆತನದಲ್ಲಿ ಮದುಮಗಳಿಗೆ ಮೊದಲ ಅರಿಶಿನ ಇಡುವುದು ಸೋದರತ್ತೆ. ಅವಳು ಇಟ್ಟ ಮೇಲೆಯೇ ಉಳಿದವರ ಕೈ. ರಮ್ಯ ಅಪ್ಪನನ್ನು ಅಡ್ಡಗಟ್ಟಿ ಹೇಳಿಬಿಟ್ಟಳು: "ಅಪ್ಪ, ಬೇಗೂರತ್ತೆ ಬಂದು ಅರಿಶಿನ ಇಡ್ದೇ ನಾನು ಮಣೆ ಮೇಲೆ ಕೂರಲ್ಲ. ನೀವಿಬ್ರೂ ಮಾತಾಡ್ತೀರೋ ಬಿಡ್ತೀರೋ ನನಗೆ ಬೇಡ. ಅತ್ತೆ ಬೇಕು."

"ಪತ್ರಿಕೆ ಹೋಗತ್ತೆ. ಬರೋದು ಬಿಡೋದು ಅವಳಿಗೆ ಬಿಟ್ಟಿದ್ದು" ಎಂದು ಇವರು ಮಹಡಿ ಹತ್ತಿದರು.

ಈ ಸಲ ಪತ್ರಿಕೆ ಅಚ್ಚೂ ಹಾಕಿಸಿದರು. ಹಳೇ ಪರಿಚಯದವರ ಪ್ರೆಸ್ಸಿನಲ್ಲಿ ನಿಂತು, ಅವರ ಪ್ರಾಣ ತಿಂದು, ಕರಡು ತಿದ್ದಿ ತಿದ್ದಿ ತಂದರು. ನಾವಿಬ್ಬರೂ ತಟ್ಟೆ ಹಿಡಿದುಕೊಂಡು ವಸಂತಪುರ, ಉತ್ತರಹಳ್ಳಿ, ಜಯನಗರ ಸುತ್ತಿದೆವು. ಮಡಿವಾಳದಲ್ಲಿ ಇವರ ದೂರದ ಚಿಕ್ಕಪ್ಪನ ಮನೆಗೂ ಹೋಗಿ ಬಂದೆವು. ಅಲ್ಲಿಂದ ಬೇಗೂರು ಎಷ್ಟು ದೂರ? ನಾನು ಬಾಯಿ ಬಿಟ್ಟು ಕೇಳಿದೆ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ಕು ನೋಡು ಎಂದು ಕಾರು ತಿರುಗಿಸಿದರು. ಆ ಸಂಜೆ ಪತ್ರಿಕೆಯ ಫೋಟೋ ತೆಗೆದು, ಕೆಳಗೆ ಚೆಂದದ ಎರಡು ಸಾಲು ಬರೆದು, ಮನೆಯವರ ಗ್ರೂಪಿಗೆ ಹಾಕಿದರು. ಹಿಂದಿನ ಸಲ ಮಾಡಿದ್ದನ್ನೇ ಮತ್ತೆ ಮಾಡಿದರು. ನಾನು ಪಾತ್ರೆ ಕುಕ್ಕಿದೆ, ಅದು ಇವರಿಗೆ ಕೇಳಿಸಲಿಲ್ಲ.

ಮಾರನೇ ಬೆಳಗ್ಗೆ ಬೇಗೂರಿನಿಂದ ಮೆಸೇಜು ಬಂತು. 'ಶುಭೋದಯ. ಎಲ್ಲರಿಗೂ ಒಳ್ಳೆಯದಾಗಲಿ.'

ಇವರು ಹೆಬ್ಬೆರಳು ಎತ್ತಿದರು, ಎತ್ತಿದಲ್ಲೇ ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡರು. ಅಕ್ಷರ ದೊಡ್ಡದು ಮಾಡಿ ನೋಡಿದರು. ಅಡುಗೆಮನೆಗೆ ಬಂದು ನನ್ನ ಮುಖದ ಮುಂದೆ ಫೋನು ಹಿಡಿದರು.

"ಇದ್ರಲ್ಲಿ ಏನಾದ್ರೂ ತಪ್ಪಿದ್ಯಾ ನೋಡು."

"ನಿಮ್ಗೇ ಸಿಗ್ದಿದ್ದು ನನಗೆ ಸಿಗುತ್ತಾ?"

ಆ ದಿನದ ಕಾಫಿ ಹಾಗೇ ಆರಿತು. ಮಾರನೇ ದಿನವೂ ತಪ್ಪಿಲ್ಲದ ಸಾಲು. ಅದರ ಮಾರನೇ ದಿನವೂ. ಇವರ ತಿರುಗಾಟ ಹೆಚ್ಚಾಯಿತು. ಕೆರೆ ಸುತ್ತು ಹೋಗಿ ಬರುತ್ತೇನೆ ಎಂದು ಹೊರಟವರು ಅರ್ಧದಿಂದ ವಾಪಸು ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಫೋನು ನೋಡಿದರು. ನೀರಿನ ಮೋಟರ್ ಹಾಕಿ ಮರೆತರು. ತೊಟ್ಟಿ ತುಂಬಿ ನೀರು ಮಹಡಿಯಿಂದ ಬೀದಿಗೆ ಸುರಿದು, ಮೇಲಿನ ಬಾಡಿಗೆಯವರು ಅಂಕಲ್ ಅಂಕಲ್ ಎಂದು ಕೂಗಿದರು. ಊಟಕ್ಕೆ ಕೂತರೆ ಸಾರು ಕಲಸಿದವರು ಎದ್ದು ಕಿಟಕಿ ಹತ್ತಿರ ಹೋಗಿ ನಿಂತರು, ಎಂಜಲು ಕೈಯಲ್ಲೇ.

ಅಕ್ಕನ ಮೇಲೆ ತೀರಿಸಿಕೊಳ್ಳಲಾಗದ್ದನ್ನು ಊರಿನ ಮೇಲೆ ತೀರಿಸಿಕೊಂಡರು. ಫೇಸ್‌ಬುಕ್ಕಿನಲ್ಲಿ ಮೆಟ್ರೋ ಬಗ್ಗೆ ಇಬ್ಬರು ಹುಡುಗರು ಜಗಳವಾಡುತ್ತಿದ್ದರೆ ಇಬ್ಬರಿಗೂ ನಕ್ಷತ್ರ ಸುರಿದರು. ಒಬ್ಬ "ಗುರು, ನಿಮಗೆ ಬೇರೆ ಕೆಲಸ ಇಲ್ವಾ" ಎಂದು ಕೇಳಿದ, ಅವನ ಹಳೇ ಸಾಲುಗಳನ್ನೆಲ್ಲ ಹುಡುಕಿ ತೆಗೆದು ತಿದ್ದಿದರು. ಕೆರೆ ಗ್ರೂಪಿನಲ್ಲಿ ಸತ್ತ ಮೀನಿನ ಫೋಟೋ ಹಾಕಿದ್ದವರನ್ನೂ ಬಿಡಲಿಲ್ಲ. ಸಂಜೆಯ ಹೊತ್ತಿಗೆ ಆ ಗ್ರೂಪಿನಿಂದ ಇವರನ್ನು ತೆಗೆದುಹಾಕಿದ್ದರು. ಇವರಿಗೆ ಅದರ ಗಮನವೇ ಇರಲಿಲ್ಲ.

"ಇದು ಅವಳು ಬರೆದಿದ್ದಲ್ಲ" ಎಂದರು ಒಂದು ದಿನ. "ಬೇರೆ ಯಾರೋ ಬರೀತಿದಾರೆ. ಅವಳಿಗೆ ಹುಷಾರಿಲ್ವೇನೋ."

"ಫೋನ್ ಮಾಡಿ ಕೇಳಿ."

"ಮಾತಾಡಲ್ವಲ್ಲ."

ಅತ್ತಿಗೆಗೆ ಹುಷಾರಿಲ್ಲದಿದ್ದರೆ ರವಿಕಿರಣ್ ನನಗೆ ಹೇಳದೆ ಇರುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು, ಇವರಿಗೆ ಹೇಳಲಿಲ್ಲ. ಹೇಳಿದ್ದರೆ ಇವರು ಸಮಾಧಾನ ಮಾಡಿಕೊಂಡು ಮತ್ತೆ ಊರಿನ ಕಾಗುಣಿತಕ್ಕೆ ಇಳಿಯುತ್ತಿದ್ದರು. ಸ್ವಲ್ಪ ಬೇಯಲಿ ಎಂದು ಬಿಟ್ಟೆ.

ಆಮೇಲೆ ಇವರು ಹಳೇ ಮೆಸೇಜುಗಳನ್ನು ಹಿಂದಕ್ಕೆ ಹಿಂದಕ್ಕೆ ಎಳೆದು ಓದತೊಡಗಿದರು. ಅಂಗಡಿಯಲ್ಲಿ ಕರಡು ನೋಡುವಾಗ ಮಾಡುತ್ತಿದ್ದ ಹಾಗೆ ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಓದುತ್ತಾ ಮುಖ ಸಣ್ಣದಾಯಿತು.

"ಜಯಾ, ಇಲ್ಲಿ ಬಾ. ಯುಗಾದಿ ದಿನ ಬೇರೇನೋ ತಪ್ಪಿದೆ, ಶುಭೋದಯ ಮಾತ್ರ ಸರಿಯಾಗಿ ಬರೆದಿದಾಳೆ. ಮಾರನೇ ದಿನ ಅದೇ ಪದ ತಪ್ಪು. ಗೌರಿ ಹಬ್ಬಕ್ಕೆ ಮತ್ತೆ ಸರಿ, ಮತ್ತೆ ತಪ್ಪು. ಬರದೇ ಇರೋರು ಹಿಂಗೆ ಬರೆಯಲ್ಲ. ಯಾಕೆ ಹಿಂಗೆ?"

ಅಲ್ಲಿಗೆ ನನ್ನ ತಾಳ್ಮೆ ತೀರಿತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಹೇಳಿದೆ. "ಊರೋರ ತಪ್ಪೆಲ್ಲ ಕಾಣ್ಸುತ್ತಲ್ಲ ನಿಮ್ಗೆ, ನಿಮ್ದೊಂದು ಕಾಣ್ಸಲ್ವಾ? ತಟ್ಟೆ ಹಿಡ್ಕೊಂಡು ಇಡೀ ಬೆಂಗಳೂರು ಸುತ್ತಿದ್ರಿ. ಎತ್ತಿ ಆಡಿಸಿದೋಳಿಗೆ ಫೋಟೋ ಕಳಿಸಿದ್ರಿ. ಅವತ್ತೂ ಹಿಂಗೇ ಮಾಡಿದ್ರಿ, ಇವತ್ತೂ ಹಿಂಗೇ. ನೀವು ಫೋಟೋ ಹಾಕಿದ ಮಾರನೇ ಬೆಳಗ್ಗೆಯಿಂದ ತಾನೇ ಅವರು ಸರಿಯಾಗಿ ಬರೀತಿರೋದು? ಯಾಕೆ ಅಂತ ನನ್ನ ಕೇಳ್ತೀರಾ? ಮಗಳು ಮಣೆ ಮೇಲೆ ಕೂರಲ್ಲ ಅಂದ್ರೂ ಬುದ್ಧಿ ಬರ್ಲಿಲ್ಲ."

ಇವರು ನನ್ನನ್ನೇ ನೋಡಿದರು. ಆಮೇಲೆ ಒಳಗೆ ಹೋದರು. ಬೀರು ತೆಗೆದ ಸದ್ದು ಬಂತು. ಬಿಳೀ ಶರಟು ಹಾಕಿಕೊಂಡು, ಕಾರಿನ ಕೀ ಹಿಡಿದು ನಿಂತು, "ಹೂವ ತಗೋಬೇಕು. ಬೇಗ ಹೊರಡು" ಎಂದರು.

ದಾರಿಯುದ್ದಕ್ಕೂ ಇವರಿಗೆ ಸಮಾಧಾನವಿಲ್ಲ. ಸಾರಕ್ಕಿ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಸೇವಂತಿಗೆ ಎರಡೂ ತೆಗೆದುಕೊಂಡರು, ಕನಕಾಂಬರ ಬೇಕಿತ್ತು ಎಂದು ಮತ್ತೆ ಇಳಿದು ಹೋದರು. ಅರೆಕೆರೆ ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಗಾಡಿ ತೆಗೆಯದೆ ಹಿಂದಿನವರಿಂದ ಬೈಸಿಕೊಂಡರು. ಹುಳಿಮಾವಿನ ಹತ್ತಿರ ಒಂದು ದೊಡ್ಡ ಬ್ಯಾನರಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಹಾರ್ದಿಕ 'ಶುಭಾಷಯ' ಕೋರಿದ್ದರು. ಬೇರೆ ದಿನವಾಗಿದ್ದರೆ ಅದರ ಮೇಲೆ ಒಂದು ಭಾಷಣ ಆಗುತ್ತಿತ್ತು. ಆ ದಿನ ಅದರ ಪಕ್ಕದಲ್ಲೇ ಕಾರು ನಿಂತಿದ್ದರೂ ಇವರು ತಲೆ ಎತ್ತಿ ನೋಡಲಿಲ್ಲ. ನನಗೆ ಭಯವಾಯಿತು.

ಅತ್ತಿಗೆ ಬಾಗಿಲ ಮುಂದಿನ ಜಗಲಿಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ನಮ್ಮನ್ನು ನೋಡಿ ಬೆರಳು ಒಂದು ಕ್ಷಣ ನಿಂತಿತು.

"ಬಾ ಜಯಾ" ಎಂದರು ನನಗೆ. ಇವರ ಕಡೆ ತಿರುಗಿ, "ನೀವೂ ಬನ್ನಿ. ಕೂತ್ಕೊಳ್ಳಿ" ಎಂದರು.

ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮನಿಗೆ 'ನೀವು'. ಇವರ ಮುಖಕ್ಕೆ ಹೊಡೆದ ಹಾಗಾಯಿತು, ನನಗೆ ಕಂಡಿತು. ಹುಟ್ಟಿದಾಗಿನಿಂದ ಆ ಬಾಯಿಯಲ್ಲಿ ಇವರು ಕೇಳಿದ್ದು ಬಾರೋ, ಹೋಗೋ, ತಿನ್ನೋ. ಜಗಲಿಯ ತುದಿಯಲ್ಲಿ ಹೊರಗಿನವರ ಹಾಗೆ ಕೂತು ಪತ್ರಿಕೆ ಮುಂದೆ ಚಾಚಿದರು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡರು, ತೆಗೆದುಕೊಳ್ಳಲಿಲ್ಲ.

"ನನಗೆ ಓದಕ್ಕೆ ಬರಲ್ವಲ್ಲ. ನೀವೇ ಓದಿ."

ಇವರು ಕನ್ನಡಕ ಹಾಕಿಕೊಂಡು ಓದಲು ಶುರು ಮಾಡಿದರು. ಎಷ್ಟೋ ಸಾವಿರ ಮನೆಗಳ ಲಗ್ನಪತ್ರಿಕೆ ಗಟ್ಟಿಯಾಗಿ ಓದಿ ತಾಳೆ ನೋಡಿದವರು ಸ್ವಂತ ಮಗಳ ಹೆಸರಿನ ಹತ್ತಿರ ಸಾಲು ತಪ್ಪಿ, ಬೆರಳಿಟ್ಟು ಮತ್ತೆ ಮೊದಲಿನಿಂದ ಹಿಡಿದರು. ಅಷ್ಟರಲ್ಲಿ ಒಳಗಿನಿಂದ ರವಿಕಿರಣ್ ಬಂದ. ಒಳ್ಳೆಯ ಹುಡುಗ, ಎಲ್ಲಿ ಏನು ಆಡಬಾರದು ಎಂಬುದು ಅವನಿಗೆ ಗೊತ್ತಾಗುವುದಿಲ್ಲ.

"ಅಮ್ಮಂಗೆ ಓದಕ್ಕೆ ಬರಲ್ವಾ?" ಎಂದು ನಕ್ಕ. "ಮಾವ, ದೇವಸ್ಥಾನದ ಭಜನೆ ಗ್ರೂಪಲ್ಲಿ ಅಮ್ಮನ್ನ ಕಂಡ್ರೆ ಎಲ್ರಿಗೂ ಭಯ. ಯಾರಾದ್ರೂ ಒಂದಕ್ಷರ ತಪ್ಪು ಬರೀಲಿ, ತಕ್ಷಣ ಸ್ಟಾರ್ ಹಾಕ್ತಾರೆ. ಥೇಟ್ ನಿಮ್ಮಂಗೇ."

"ಎಷ್ಟು ದಿನದಿಂದ?" ಇವರು ಪತ್ರಿಕೆ ಕೆಳಗಿಟ್ಟು ಕೇಳಿದರು.

"ದಿನ ಏನು, ಎರಡು ವರ್ಷದ ಮೇಲಾಯ್ತು."

ಅತ್ತಿಗೆ ಮತ್ತೆ ಅವರೆಕಾಳಿಗೆ ಕೈ ಹಾಕಿದ್ದರು. ಸಿಪ್ಪೆಯಿಂದ ಕಾಳು ಪುಳಕ್ಕನೆ ಪಾತ್ರೆಗೆ ಬೀಳುತ್ತಿತ್ತು.

"ಮತ್ತೆ ನಮ್ಮ ಗ್ರೂಪಲ್ಲಿ?" ಎಂದರು ಇವರು.

"ತಪ್ಪು ಬರೆದ್ರೆ ತಾನೇ ನೀವು ಬರೋದು" ಎಂದರು ಅತ್ತಿಗೆ, ತಲೆ ಎತ್ತದೆ. "ಸರಿಯಾಗಿ ಬರೆಯೋರ ಹತ್ರ ನಿಮಗೇನು ಕೆಲ್ಸ? ಕಲಿತು ಮುಗೀತು ಅಂತ ಗೊತ್ತಾದ್ರೆ ಅದೂ ನಿಂತೋಗುತ್ತೆ ಅಂತ, ದಿನಾ ಒಂದೊಂದು ಇಟ್ಕೊಂಡು ಬಂದೆ."

ತಮ್ಮನಿಗೆಂದು ಒಂದು ತುತ್ತು ಎತ್ತಿಟ್ಟ ಹಾಗೆ. ನನ್ನ ಕಣ್ಣು ತುಂಬಿತು, ಹೂವಿನ ಪೊಟ್ಟಣ ಬಿಚ್ಚಿ ತಟ್ಟೆಗೆ ಜೋಡಿಸುವ ನೆಪದಲ್ಲಿ ಆ ಕಡೆ ತಿರುಗಿದೆ.

"ಈಗ ಯಾಕೆ ನಿಲ್ಲಿಸ್ದೆ?" ಎಂದರು ಇವರು.

ಅತ್ತಿಗೆ ಆಗ ತಲೆ ಎತ್ತಿದರು. "ಆವಾಗ ಮನೆ ಬಾಗಿಲಿಗೆ ಬಂದು ಕರೀಲಿಲ್ಲ. ಕೊರೋನಾ ಇತ್ತು ಅಂತ ಮನಸ್ಸಿಗೆ ಹೇಳ್ಕೊಂಡೆ. ಈ ಸಲ ಯಾವ ರೋಗ ಬಂದಿತ್ತು?"

ಇವರು ಎದ್ದರು. ನನ್ನ ಕೈಯಲ್ಲಿದ್ದ ತಟ್ಟೆ ಕಿತ್ತುಕೊಂಡು ದಾಪುಗಾಲಿನಲ್ಲಿ ಗೇಟು ದಾಟಿ ಬೀದಿಗೆ ಹೋದರು. ಹೋಯಿತು, ಸಿಟ್ಟು ಬಂದು ಹೊರಟೇಬಿಟ್ಟರು ಎಂದುಕೊಂಡೆ. ರವಿಕಿರಣ್ ಹಿಂದೆ ಓಡಲು ಹೊರಟ, ಅತ್ತಿಗೆ ಅವನ ಕೈ ಹಿಡಿದರು. ಇವರು ಬೀದಿಯಲ್ಲಿ ತಿರುಗಿ, ಗೇಟಿನ ಆಚೆ, ಮೊದಲ ಸಲ ಬಂದವರ ಹಾಗೆ ನಿಂತರು. ಎರಡೂ ಕೈಯಲ್ಲಿ ತಟ್ಟೆ.

"ಅಕ್ಕಾ" ಎಂದು ಕೂಗಿದರು. ಎದುರು ಮನೆಯವರು ಕಿಟಕಿ ತೆಗೆದರು. "ನಿನ್ನ ತಮ್ಮ ಬಂದಿದೀನಿ. ರಮ್ಯನ ಮದುವೆ. ನೀನು ಮುಂಚೇನೇ ಬಂದು ಮಗೀಗೆ ಅರಿಶಿನ ಇಡ್ಬೇಕು. ನೀನು ಬರ್ದೇ ಇದ್ರೆ ಆಗಲ್ಲ." ಉಸಿರು ಎಳೆದುಕೊಂಡರು. "ತಪ್ಪಾಯ್ತು ಕಣಕ್ಕ. ಕರೆಯಕ್ಕೆ ಬರ್ದೇ ಇದ್ದಿದ್ದೂ ತಪ್ಪು. ಓದಕ್ಕೆ ಬರಲ್ಲ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು."

ಇವರ ಬಾಯಲ್ಲಿ ಆ ಮಾತನ್ನು ನಾನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಡಿಲಲ್ಲಿದ್ದ ಅವರೆ ಸಿಪ್ಪೆ ಕೊಡವಿಕೊಂಡು ಎದ್ದರು.

"ಒಳಗೆ ಬಾರೋ" ಎಂದರು. "ಬಿಸ್ಲಲ್ಲಿ ನಿಂತ್ಕೊಂಡು ಬೀದಿಗೆಲ್ಲ ಭಾಷಣ ಮಾಡ್ಬೇಡ."

ನಾನು ಕುಂಕುಮ ಇಟ್ಟೆ, ಮಡಿಲು ತುಂಬಿದೆ, ಕನಕಾಂಬರ ಮುಡಿಸಿದೆ. ಆಮೇಲೆ ಅತ್ತಿಗೆ ಪತ್ರಿಕೆ ತೆಗೆದುಕೊಂಡು ಮೊದಲಿನಿಂದ ಕೊನೆಯವರೆಗೆ ತಾವೇ ಓದಿದರು, ಗಟ್ಟಿಯಾಗಿ, ಎಲ್ಲೂ ತಡವರಿಸದೆ. ಇವರು ಪಕ್ಕದಲ್ಲಿ ನಿಂತು ಕೇಳಿದರು. ಹಿದುಕಿದ ಅವರೆ ಸಾರು, ಮುದ್ದೆ ಉಂಡು ಸಂಜೆ ವಾಪಸು ಬಂದೆವು.

ಮಾರನೇ ಬೆಳಗ್ಗೆ ಬೇಗೂರಿನಿಂದ ಮೆಸೇಜು ಬರುವ ಮೊದಲೇ ಇವರು ಗ್ರೂಪಿನಲ್ಲಿ ಬರೆದರು. 'ರಮ್ಯಳ ಮದುವೆಗೆ ಅಕ್ಕ ಬರುತ್ತಾಳೆ. ಎಲ್ಲರಿಗೂ ದನ್ಯವಾದಗಳು.'

ರಮ್ಯ ಹಲ್ಲುಜ್ಜುವ ಬ್ರಶ್ಶು ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. "ಅಪ್ಪಾ, ತಪ್ಪಾಗಿದೆ! ಬೇಗ ಡಿಲೀಟ್ ಮಾಡಿ!"

"ಸುಮ್ನಿರೇ."

ನಾನೂ ಫೋನು ತೆಗೆದು ನೋಡಿದೆ. ಒಂದನೇ ಕ್ಲಾಸಿನ ಮಗು ಮಾಡುವ ತಪ್ಪು. ಗ್ರೂಪಿನಲ್ಲಿ ಒಬ್ಬೊಬ್ಬರೇ ನೋಡಿದ್ದು ಗೊತ್ತಾಗುತ್ತಿತ್ತು, ತಿದ್ದುವ ಧೈರ್ಯ ಯಾರಿಗೂ ಇಲ್ಲ. ಇವರು ಬಾಲ್ಕನಿಯಿಂದ ಅಡುಗೆಮನೆಗೆ ಬಂದರು, ಅಡುಗೆಮನೆಯಿಂದ ಮಹಡಿಗೆ ಹೋದರು, ಇಳಿದು ಬಂದರು. ಫೋನು ನೋಡಿದರು. ಮತ್ತೆ ಹತ್ತಿದರು. ಬೇಕಂತಲೇ ಮಾಡಿದ್ರಾ ಎಂದು ಕೇಳಿದರೆ ಬಾಲ್ಕನಿಯ ಕಡೆ ನಡೆದರು. ಬೇರೆ ಯಾರಾದರೂ ಮೊದಲು ತಿದ್ದಿಬಿಟ್ಟರೆ ಎಂಬ ಹೆದರಿಕೆ ಮುಖದಲ್ಲಿತ್ತು.

ನಾನು ಎರಡನೇ ಸಲ ಕಾಫಿ ಬಿಸಿ ಮಾಡುವಾಗ ಫೋನು ಸದ್ದು ಮಾಡಿತು. ಗೋವಿಂದಮ್ಮ. ಒಂದು ನಕ್ಷತ್ರ, ಪಕ್ಕದಲ್ಲಿ ಸರಿಯಾದ ಪದ. ಅದರ ಕೆಳಗೆ ಇನ್ನೊಂದು ಸಾಲು: 'ಇಷ್ಟು ವರ್ಷ ಪ್ರೆಸ್ ನಡೆಸಿ ಇಷ್ಟೂ ಬರಲ್ವೇನೋ ನಿನಗೆ?'

ಇವರು ಅದನ್ನು ಓದಿದರು. ರಮ್ಯ ತರಿಸಿದ ದೊಡ್ಡ ಕುರ್ಚಿಯ ಹತ್ತಿರ ಹೋಗಿ, ಅದರಲ್ಲಿ ಕೂತು, ಹಿಂದಕ್ಕೆ ಒರಗಿಕೊಂಡರು. ಕಾಫಿ ಕೊಟ್ಟೆ. ಲೋಟ ಖಾಲಿಯಾಗುವವರೆಗೂ ಏಳಲಿಲ್ಲ.